ಹಾರ್ಟ್‌ನಲ್ಲಿ ತೂತಿರುವ ಮಗು ಹಾಲು ಕುಡಿಯುತ್ತಲೇ ಸುಸ್ತಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನನ್ನ ಮಗಳಿಗೆ ಈಗ ಆರು ವಾರ. ಹುಟ್ಟಿದಾಗ 2.8 ಕೆಜಿ ಇದ್ದಳು. ಎರಡನೇ ವಾರದ ಕೊನೆಗೂ ಅಷ್ಟೇ ಇದ್ದಳು. ಈಗ 3.05 ಕೆಜಿ. ಎಕೋ ಮಾಡಿಸಿದಾಗ ಹೃದಯದಲ್ಲಿ ದೊಡ್ಡ ವಿಎಸ್‌ಡಿ ಇದೆ ಅಂದರು. ಮೈಯಲ್ಲಿ ನಿಂತ ನೀರನ್ನು ಉಚ್ಚೆಯಲ್ಲಿ ಹೊರಹಾಕುವ ಫ್ಯೂರೊಸೆಮೈಡ್ ಡ್ರಾಪ್ಸ್ ಕೊಡುತ್ತಿದ್ದೇವೆ. ಐದು ನಿಮಿಷ ಎದೆಹಾಲು ಕುಡಿಯುವಷ್ಟರಲ್ಲಿ ಹಣೆ ಬೆವರಿ, ಏದುಸಿರು ಬಿಟ್ಟು ನಿದ್ದೆ ಹೋಗುತ್ತಾಳೆ. ಅರ್ಧ ಗಂಟೆಗೆ ಮತ್ತೆ ಅಳು. ನಮ್ಮ ಅತ್ತೆ ‘ನಿನ್ನ ಹಾಲು ಸಾಲುತ್ತಿಲ್ಲ, ಹಸುವಿನ ಹಾಲಿಗೆ ನೀರು ಬೆರೆಸಿ ಕೊಡು’ ಅನ್ನುತ್ತಾರೆ. ಪಕ್ಕದ ಮನೆಯವರು ‘ಎದೆಹಾಲು ಎಳೆಯೋದೇ ಅವಳಿಗೆ ಸುಸ್ತು, ಬಾಟಲಿ ಹಿಡಿಸು’ ಅನ್ನುತ್ತಾರೆ. 5 ಕೆಜಿ ಆದಮೇಲೇ ಆಪರೇಷನ್ ಅಂತಲೂ ಕೇಳಿದೆ. ಯಾರ ಮಾತು ಕೇಳಲಿ? (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಮೊದಲು ನಿಮ್ಮ ತಲೆ ಮೇಲಿರುವ ಅಪವಾದ ಇಳಿಸೋಣ. ನಿಮ್ಮ ಹಾಲಿನಲ್ಲಿ ಕೊರತೆ ಇದೆ ಅನ್ನುವುದಕ್ಕೆ ನಿಮ್ಮ ಪತ್ರದಲ್ಲಿ ಒಂದು ಸಾಕ್ಷಿಯೂ ಇಲ್ಲ. ನಿಮ್ಮ ಮಗಳ ಮೈಯಲ್ಲಿ ಶಕ್ತಿಯ ಖರ್ಚು ಜಾಸ್ತಿ, ಅದಕ್ಕೆ ತಕ್ಕ ಹಾಲು ಎಳೆಯುವ ಶಕ್ತಿ ಅವಳಿಗಿಲ್ಲ. ಆದ್ದರಿಂದ ನಾವು ಮಾಡಬೇಕಾದ್ದು ಇಷ್ಟು: ಕುಡಿಯುವಾಗ ಅವಳ ಶ್ರಮ ಕಡಿಮೆ ಮಾಡುವುದು, ಹೊಟ್ಟೆಗೆ ಹೋಗುವ ಪ್ರತಿ ಗುಟುಕಿನಲ್ಲೂ ಶಕ್ತಿ ಹೆಚ್ಚಿಸುವುದು. ಇಷ್ಟು ಮಾಡಿಯೂ ತೂಕ ಏರದಿದ್ದರೆ ಅದು ಆಪರೇಷನ್ ಮುಂದೆ ಹಾಕಲು ಕಾರಣವಲ್ಲ, ಬೇಗ ಮಾಡಲು ಕಾರಣ.

ವಿಎಸ್‌ಡಿ ಅಂದರೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಹುಟ್ಟಿದಾಗ ಶ್ವಾಸಕೋಶದ ರಕ್ತನಾಳಗಳಲ್ಲಿ ಇನ್ನೂ ಬಿಗಿ ಇರುತ್ತದೆ, ಹಾಗಾಗಿ ತೂತಿನ ಮೂಲಕ ಹೆಚ್ಚು ರಕ್ತ ಆಚೆ ನುಗ್ಗುವುದಿಲ್ಲ. ಮೊದಲ ಎರಡು ವಾರ ಮಗು ಚೆನ್ನಾಗಿಯೇ ಕಾಣುತ್ತದೆ. ನಾಲ್ಕರಿಂದ ಆರು ವಾರದ ಹೊತ್ತಿಗೆ ಆ ಬಿಗಿ ಸಡಿಲವಾಗುತ್ತದೆ. ಆಗ ಎಡಗಡೆಯ ರಕ್ತ ತೂತಿನಿಂದ ದಾಟಿ ಶ್ವಾಸಕೋಶಕ್ಕೆ ಹರಿಯುತ್ತದೆ, ಶ್ವಾಸಕೋಶ ಒದ್ದೆಯಾಗುತ್ತದೆ, ಉಸಿರು ವೇಗವಾಗುತ್ತದೆ. ‘ಮೊದಲು ಚೆನ್ನಾಗಿದ್ದಳು, ಈಗ ಯಾರ ಕಣ್ಣು ಬಿತ್ತೋ’ ಅಂತ ಮನೆಯಲ್ಲಿ ಯಾರಾದರೂ ಅಂದಿದ್ದರೆ, ವಿಷಯ ಇದು.

ಈಗ ಹಾಲು ಕುಡಿಯುವುದನ್ನು ನೋಡಿ. ಮಗು ಚೀಪಬೇಕು, ನುಂಗಬೇಕು, ಉಸಿರಾಡಬೇಕು. ನುಂಗುವ ಕ್ಷಣದಲ್ಲಿ ಉಸಿರು ನಿಲ್ಲಿಸಲೇಬೇಕು. ನಿಮಿಷಕ್ಕೆ 40 ಸಲ ಉಸಿರಾಡುವ ಮಗುವಿಗೆ ಆ ಬಿಡುವು ಸಿಗುತ್ತದೆ. 70 ಸಲ ಉಸಿರಾಡುವ ಮಗುವಿಗೆ ಎಲ್ಲಿಂದ ಸಿಗಬೇಕು? ನಿಮ್ಮ ಮಗಳಿಗೆ ಒಂದು ಹೊತ್ತಿನ ಹಾಲು ಕುಡಿಯುವುದು ಅಂದರೆ ನಮಗೆ ಓಡುತ್ತಾ ಬೆಟ್ಟ ಹತ್ತಿದ ಹಾಗೆ. ಹಣೆಯ ಬೆವರು ಅದರದ್ದೇ. ಐದು ನಿಮಿಷಕ್ಕೆ ನಿದ್ದೆ ಹೋಗುವುದು ಹೊಟ್ಟೆ ತುಂಬಿ ಅಲ್ಲ, ಸುಸ್ತಾಗಿ. ಅದಕ್ಕೇ ಅರ್ಧ ಗಂಟೆಗೆ ಎದ್ದು ಅಳುತ್ತಾಳೆ.

ಸ್ವಲ್ಪ ಲೆಕ್ಕ ಹಾಕೋಣ, ಬೇಜಾರಾಗಬೇಡಿ. ಮೊದಲ ಮೂರು ತಿಂಗಳಲ್ಲಿ ಆರೋಗ್ಯವಂತ ಮಗು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ನಿಮ್ಮ ಮಗಳು ಕಳೆದ 28 ದಿನಗಳಲ್ಲಿ ಏರಿದ್ದು 250 ಗ್ರಾಂ, ಅಂದರೆ ದಿನಕ್ಕೆ ಸುಮಾರು 9 ಗ್ರಾಂ. ಇದು ಕಡಿಮೆ.

ಆರೋಗ್ಯವಂತ ಮಗುವಿಗೆ ದಿನಕ್ಕೆ ಕೆಜಿಗೆ 100ರಿಂದ 110 ಕ್ಯಾಲೊರಿ ಸಾಕು. ಇಂಥ ಹೃದಯದ ಮಗುವಿಗೆ 120ರಿಂದ 150 ಬೇಕಾಗುತ್ತದೆ. 100 ಎಂಎಲ್ ಎದೆಹಾಲಿನಲ್ಲಿ ಸುಮಾರು 67 ಕ್ಯಾಲೊರಿ ಇರುತ್ತದೆ. 3 ಕೆಜಿ ಮಗು ಕೆಜಿಗೆ 150 ಎಂಎಲ್‌ನಂತೆ ದಿನಕ್ಕೆ 450 ಎಂಎಲ್ ಕುಡಿದರೆ ಸಿಗುವುದು 300 ಕ್ಯಾಲೊರಿ, ಅಂದರೆ ಕೆಜಿಗೆ 100. ಅವಳಿಗೆ 140 ಬೇಕು ಅಂದುಕೊಳ್ಳಿ. ಬರೀ ಹಾಲಿನಿಂದ ಅದನ್ನು ತುಂಬಿಸಲು 630 ಎಂಎಲ್ ಹತ್ತಿರ ಕುಡಿಯಬೇಕು. ಐದು ನಿಮಿಷಕ್ಕೆ ಸುಸ್ತಾಗುವ ಮಗು ಅಷ್ಟು ಕುಡಿಯುವುದಿಲ್ಲ. ಕುಡಿದರೂ ಅಷ್ಟು ನೀರಿನಂಶ ಅವಳ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅದಕ್ಕೇ ‘ಇನ್ನೂ ಕುಡಿಸು, ಇನ್ನೂ ಕುಡಿಸು’ ಅನ್ನುವ ಸಲಹೆ ಇಲ್ಲಿ ಕೆಲಸ ಮಾಡುವುದಿಲ್ಲ. ಅದೇ 450 ಎಂಎಲ್‌ನಲ್ಲಿ ಶಕ್ತಿ ಹೆಚ್ಚಿಸಬೇಕು.

ಈಗ ಅತ್ತೆಯವರ ಸಲಹೆ. ಹಸುವಿನ ಹಾಲಿಗೆ ಅರ್ಧಕ್ಕರ್ಧ ನೀರು ಬೆರೆಸಿದರೆ ಶಕ್ತಿಯೂ ಅರ್ಧವಾಯಿತು ಅಲ್ವಾ? ಮಗುವಿನ ಪುಟ್ಟ ಹೊಟ್ಟೆ ನೀರಿನಿಂದ ತುಂಬುತ್ತದೆ, ಅಳು ನಿಲ್ಲುತ್ತದೆ, ತೂಕ ಮಾತ್ರ ಏರುವುದಿಲ್ಲ. ನೀರು ಬೆರೆಸದೆ ಕೊಟ್ಟರೆ ಅದರಲ್ಲಿರುವ ಉಪ್ಪಿನಂಶ, ಪ್ರೋಟೀನ್ ಎಳೆ ಕಿಡ್ನಿಗೆ ಭಾರ. ಜೊತೆಗೆ ಕಬ್ಬಿಣಾಂಶ ತೀರಾ ಕಡಿಮೆ. ಒಂದು ವರ್ಷದವರೆಗೆ ಹಸುವಿನ ಹಾಲನ್ನು ಮುಖ್ಯ ಆಹಾರವಾಗಿ ಕೊಡಬೇಡಿ. ಅತ್ತೆಯವರ ಮೇಲೆ ನನಗೇನೂ ಕೋಪವಿಲ್ಲ. ಮಗು ಅಳುವುದು ಅವರಿಗೂ ಕಾಣುತ್ತಿದೆ. ಈ ಲೆಕ್ಕವನ್ನು ಅವರ ಮುಂದೆ ಕೂತು ಓದಿ.

ಬಾಟಲಿ ಸುಲಭ ಅನ್ನುವುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ವಾಸ್ತವದಲ್ಲಿ ಹೃದಯದ ತೊಂದರೆ ಇರುವ ಮಕ್ಕಳಲ್ಲಿ ಎದೆಹಾಲು ಕುಡಿಯುವಾಗ ರಕ್ತದ ಆಮ್ಲಜನಕ ಬಾಟಲಿಗಿಂತ ಸ್ಥಿರವಾಗಿರುತ್ತದೆ. ಎದೆಯಲ್ಲಿ ಮಗು ತಾನೇ ನಿಲ್ಲಿಸಿ ಉಸಿರು ತೆಗೆದುಕೊಳ್ಳಬಹುದು. ಬಾಟಲಿಯಲ್ಲಿ ಹಾಲು ಹರಿದು ಬರುತ್ತಲೇ ಇರುತ್ತದೆ, ಮಗು ನುಂಗುತ್ತಲೇ ಇರಬೇಕು. ಬೇಗ ಮುಗಿಯಲಿ ಅಂತ ನಿಪ್ಪಲ್ ತೂತನ್ನು ಸೂಜಿ ಕಾಯಿಸಿ ದೊಡ್ಡದು ಮಾಡುವವರಿದ್ದಾರೆ. ದಯವಿಟ್ಟು ಅದು ಬೇಡ, ಹಾಲು ಶ್ವಾಸನಾಳಕ್ಕೆ ಹೋಗುತ್ತದೆ. ಹಾಗಂತ ಎದೆಯೊಂದರಿಂದಲೇ ಈ ಮಗುವಿಗೆ ಎಲ್ಲ ಹಾಲು ಸಿಗಬೇಕು ಅಂತ ಹಟ ಹಿಡಿಯುವುದೂ ತಪ್ಪು. ಎರಡನ್ನೂ ಸೇರಿಸಿ ಮಾಡುವ ದಾರಿ ಇದೆ.

ಮಗು ಅತ್ತು ಕರೆಯುವವರೆಗೆ ಕಾಯಬೇಡಿ. ಅಳುವುದಕ್ಕೇ ಅವಳ ಅರ್ಧ ಶಕ್ತಿ ಹೋಗುತ್ತದೆ. ನಿದ್ದೆಯಲ್ಲೇ ತುಟಿ ಆಡಿಸುವುದು, ಕೈ ಬಾಯಿಗೆ ಒಯ್ಯುವುದು, ತಲೆ ಅತ್ತಿತ್ತ ಹೊರಳಿಸುವುದು ಕಂಡ ಕೂಡಲೇ ಎತ್ತಿಕೊಳ್ಳಿ. ಎರಡರಿಂದ ಎರಡೂವರೆ ಗಂಟೆಗೊಮ್ಮೆ, ರಾತ್ರಿಯೂ. ಅವಳನ್ನು ಪೂರ್ತಿ ಮಲಗಿಸಿ ಕುಡಿಸಬೇಡಿ. ತಲೆ ಎತ್ತರದಲ್ಲಿರಲಿ, ಬೆನ್ನು ನೇರವಾಗಿರಲಿ, ಗದ್ದಕ್ಕೆ ನಿಮ್ಮ ಬೆರಳಿನ ಆಸರೆ ಇರಲಿ. ಅವಳು ಚೀಪುವುದು ನಿಧಾನವಾದಾಗ ನಿಮ್ಮ ಎದೆಯನ್ನು ಮೆಲ್ಲಗೆ ಒತ್ತಿ. ಅವಳ ಶ್ರಮವಿಲ್ಲದೆ ಒಂದಿಷ್ಟು ಹಾಲು ಇಳಿಯುತ್ತದೆ. ಮೂಗಿನ ಹೊಳ್ಳೆ ಅರಳಿದರೆ, ಹುಬ್ಬು ಗಂಟಿಕ್ಕಿದರೆ, ಬೆರಳು ಅಗಲಿಸಿದರೆ ಬಿಡುವು ಬೇಕು ಅಂತ ಅರ್ಥ. ಎದೆಯಿಂದ ಬಿಡಿಸಿ, ನೆಟ್ಟಗೆ ಕೂರಿಸಿಕೊಳ್ಳಿ, ಉಸಿರು ತಹಬಂದಿಗೆ ಬರಲಿ.

ಹತ್ತು ಹದಿನೈದು ನಿಮಿಷ ಎದೆಯಲ್ಲಿ ಆದಮೇಲೆ ಉಳಿದದ್ದನ್ನು ಹಿಂಡಿ ತೆಗೆದ ಹಾಲಿನಿಂದ ಒಳಲೆಯಲ್ಲಿ ಕೊಡಿ. ಹೌದು, ನಿಮ್ಮಜ್ಜಿಯ ಕಾಲದ ಅದೇ ಒಳಲೆ. ನವಜಾತ ಶಿಶುಗಳ ಐಸಿಯುಗಳಲ್ಲಿ ನಾವು ಇವತ್ತಿಗೂ ಬಳಸುತ್ತೇವೆ. ತೊಳೆಯುವುದು, ಕುದಿಸುವುದು ಸುಲಭ. ಮೂತಿಯನ್ನು ಬಾಯಿಯ ಮೂಲೆಗೆ ಇಟ್ಟು ಒಂದೊಂದೇ ಗುಟುಕು ಬಿಡಿ, ನುಂಗಿದಮೇಲೆ ಇನ್ನೊಂದು. ಗಂಟಲಿಗೆ ಸುರಿಯಬೇಡಿ, ಮೂಗು ಹಿಡಿದು ಕುಡಿಸಬೇಡಿ. ಎಲ್ಲ ಸೇರಿ ಅರ್ಧ ಗಂಟೆಗೆ ಮುಗಿಸಿಬಿಡಿ. ಅದರ ಮೇಲೆ ಎಳೆದರೆ ಒಳಗೆ ಹೋಗುವ ಶಕ್ತಿಗಿಂತ ಖರ್ಚಾಗುವ ಶಕ್ತಿಯೇ ಜಾಸ್ತಿಯಾಗುತ್ತದೆ. ತಾಯಂದಿರಿಗೆ ನಾನು ಹೇಳುವ ಮಾತುಗಳಲ್ಲಿ ಅವರಿಗೆ ಒಪ್ಪಲು ಕಷ್ಟವಾಗುವುದು ಇದೊಂದೇ. ಮಗು ಕುಡಿಯಲಿಲ್ಲವಲ್ಲ ಅಂತ ಒಂದೂವರೆ ಗಂಟೆ ಮಡಿಲಲ್ಲಿ ಹಾಕಿಕೊಂಡು ಕೂತಿರುತ್ತಾರೆ. ಮಗುವೂ ಸೋಲುತ್ತದೆ, ತಾಯಿಯೂ ಸೋಲುತ್ತಾಳೆ.

ಹಾಲು ಹಿಂಡುವಾಗ ಒಂದು ಉಪಾಯ ಇದೆ. ಮೊದಲು ಬರುವ ಹಾಲು ತೆಳು, ಕೊನೆಗೆ ಬರುವುದರಲ್ಲಿ ಕೊಬ್ಬು ಹೆಚ್ಚು. ಮೊದಲಿನದನ್ನು ಒಂದು ಬಟ್ಟಲಿಗೆ, ಕೊನೆಯದನ್ನು ಇನ್ನೊಂದಕ್ಕೆ ಹಿಂಡಿ. ಒಳಲೆಯಲ್ಲಿ ಕೊಡುವಾಗ ಕೊನೆಯದನ್ನೇ ಮೊದಲು ಕೊಡಿ. ಹಿಂಡಿದ ಹಾಲು ತಂಪಾದ ಜಾಗದಲ್ಲಿ 4 ಗಂಟೆ ಇರುತ್ತದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಷ್ಟು ಹೊತ್ತು ಹೊರಗಿಡಬೇಡಿ. ಫ್ರಿಜ್ಜಿನ ಒಳಭಾಗದಲ್ಲಿ ಒಂದು ದಿನ ಇಡಬಹುದು. ಕಾಯಿಸಬೇಡಿ, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿ.

ಇಷ್ಟಾದರೂ ಲೆಕ್ಕ ತುಂಬದಿದ್ದರೆ ಹಾಲಿಗೆ ಶಕ್ತಿ ಬೆರೆಸುವ ಹಂತ. ಹಿಂಡಿದ ಎದೆಹಾಲಿಗೆ ಫಾರ್ಟಿಫೈಯರ್ ಪುಡಿ ಅಥವಾ ಅಳತೆ ಮಾಡಿದ ಫಾರ್ಮುಲಾ ಪುಡಿ ಬೆರೆಸಿ 100 ಎಂಎಲ್‌ಗೆ 80 ಕ್ಯಾಲೊರಿಗೆ ಏರಿಸುತ್ತಾರೆ, ಮಗು ತಾಳಿಕೊಂಡರೆ ಹಂತ ಹಂತವಾಗಿ 100ರ ತನಕ. ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ. ಅದೇ 450 ಎಂಎಲ್, 80ರಂತೆ 360 ಕ್ಯಾಲೊರಿ, 100ರಂತೆ 450. ಕೆಜಿಗೆ 120ರಿಂದ 150 ಬಂದೇಬಿಟ್ಟಿತು, ಒಂದು ಗುಟುಕೂ ಹೆಚ್ಚು ಕುಡಿಯದೆ. ಕೆಲವು ಕಡೆ ಎಂಸಿಟಿ ಎಣ್ಣೆ (ಸುಲಭವಾಗಿ ಜೀರ್ಣವಾಗುವ ಕೊಬ್ಬಿನ ಎಣ್ಣೆ) ಅಥವಾ ಕೊಬ್ಬರಿ ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಸೇರಿಸುತ್ತಾರೆ. ಆದರೆ ಇದನ್ನೆಲ್ಲ ನನ್ನ ಈ ಬರಹ ಓದಿ ಮನೆಯಲ್ಲಿ ಶುರು ಮಾಡಬೇಡಿ. ಪುಡಿ ಎಷ್ಟು, ಯಾವುದು ಅಂತ ನಿಮ್ಮ ಮಕ್ಕಳ ವೈದ್ಯರು ಅಥವಾ ಡಯಟಿಷಿಯನ್ ಬರೆದು ಕೊಡಬೇಕು. ಒಂದು ಚಮಚ ಹೆಚ್ಚಾದರೆ ಭೇದಿಯಾಗುತ್ತದೆ. ಫ್ಯೂರೊಸೆಮೈಡ್ ತೆಗೆದುಕೊಳ್ಳುವ ಮಗುವಿಗೆ ಭೇದಿಯಾದರೆ ನೀರಿನಂಶ, ಪೊಟ್ಯಾಸಿಯಂ ಎರಡೂ ಕುಸಿಯುತ್ತವೆ. ಸಕ್ಕರೆ, ಗ್ಲೂಕೋಸ್ ಬೆರೆಸುವುದಂತೂ ಬೇಡವೇ ಬೇಡ.

ಬಾಯಲ್ಲಿ ಸಾಕಷ್ಟು ಹಾಲು ಹೋಗದಿದ್ದರೆ ವೈದ್ಯರು ಟ್ಯೂಬ್ ಹಾಕಲು ಹೇಳಬಹುದು. ಟ್ಯೂಬ್ ಅಂದರೆ ತಾಯಂದಿರು ಹೆದರುತ್ತಾರೆ. ‘ಅಷ್ಟು ಸೀರಿಯಸ್ಸಾ ಡಾಕ್ಟ್ರೇ?’ ಅಂತ ಕೇಳುತ್ತಾರೆ. ಮೂಗಿನಿಂದ ಹೊಟ್ಟೆಗೆ ಹೋಗುವ ತೆಳುವಾದ ಪೈಪ್ ಅದು. ಮಗು ಬಾಯಲ್ಲಿ ಕುಡಿದಷ್ಟು ಕುಡಿಯುತ್ತದೆ, ಉಳಿದದ್ದು ಟ್ಯೂಬಿನಲ್ಲಿ. ರಾತ್ರಿ ಅವಳು ಮಲಗಿರುವಾಗಲೇ ಹಾಲು ಹೋಗುತ್ತದೆ, ನಿಮಗೂ ಎರಡು ಗಂಟೆ ನಿದ್ದೆ. ಆಸ್ಪತ್ರೆಯಲ್ಲಿ ನರ್ಸ್ ಹತ್ತಿರ ಕೂತು ಕೈಯಾರೆ ಮಾಡಿ ಕಲಿತಮೇಲೆ ಮಾತ್ರ ಮನೆಗೆ ತನ್ನಿ. ಪ್ರತಿ ಸಲವೂ ಟ್ಯೂಬ್ ಹೊಟ್ಟೆಯಲ್ಲೇ ಇದೆಯಾ ಅಂತ ಅವರು ಹೇಳಿಕೊಟ್ಟಂತೆ ಪರೀಕ್ಷಿಸಬೇಕು. ಮೂಗಿನ ಬಳಿ ಹಾಕಿದ ಗುರುತು ಸರಿದಿದ್ದರೆ ಹಾಲು ಬಿಡಬಾರದು. ಸಿರಿಂಜನ್ನು ಎತ್ತಿ ಹಿಡಿದರೆ ಹಾಲು ತಾನಾಗಿ ಇಳಿಯುತ್ತದೆ, ಒತ್ತಿ ನುಗ್ಗಿಸಬೇಡಿ. ಆ ಹೊತ್ತಿನಲ್ಲಿ ಮಗುವನ್ನು ಹಾಲು ಹಿಂಡಿ ಖಾಲಿ ಮಾಡಿದ ಎದೆಗೆ ಹಚ್ಚಿಕೊಳ್ಳಿ. ಚೀಪುವುದಕ್ಕೂ ಹೊಟ್ಟೆ ತುಂಬುವುದಕ್ಕೂ ಇರುವ ನಂಟು ಅವಳಿಗೆ ಮರೆಯಬಾರದು. ವಾರಗಟ್ಟಲೆ ಬರೀ ಟ್ಯೂಬಿನಲ್ಲೇ ಬೆಳೆದ ಮಕ್ಕಳು ಆಮೇಲೆ ಬಾಯಿಗೆ ಏನಿಟ್ಟರೂ ಓಕರಿಸುವುದುಂಟು.

ಇನ್ನು ನೀವು. ಮಗು ಜೋರಾಗಿ ಎಳೆಯದಿದ್ದರೆ ಕೆಲವೇ ವಾರಗಳಲ್ಲಿ ಹಾಲು ನಿಜವಾಗಿಯೂ ಇಳಿಯುತ್ತದೆ. ಆಗ ಅತ್ತೆಯವರ ಮಾತು ನಿಜವಾಗಿಬಿಡುತ್ತದೆ! ಅದಕ್ಕೆ ದಿನಕ್ಕೆ ಎಂಟು ಸಲವಾದರೂ ಹಿಂಡಿ, ರಾತ್ರಿ ಒಂದು ಸಲ ತಪ್ಪಿಸಬೇಡಿ. ಹಾಲು ತರಿಸುವ ಹಾರ್ಮೋನ್ ರಾತ್ರಿಯಲ್ಲೇ ಹೆಚ್ಚು. ಜೊತೆಗೆ, ನಿಮ್ಮ ತಟ್ಟೆಯಲ್ಲಿ ಏನಿದೆ? ನಮ್ಮ ಕಡೆ ಬಾಣಂತಿ ಪಥ್ಯ ಅಂತ ಬಿಳಿ ಅನ್ನ, ಸಾರು, ತುಪ್ಪದಲ್ಲೇ ತಿಂಗಳು ಕಳೆಸುವ ಮನೆಗಳಿವೆ. ಬೇಳೆ ವಾಯು, ತರಕಾರಿ ಶೀತ, ನೀರು ಕುಡಿದರೆ ಹೊಟ್ಟೆ ಬರುತ್ತದೆ ಅಂತೆಲ್ಲ. ಪಾಲಿಶ್ ಅಕ್ಕಿಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಇಲ್ಲವೆನ್ನುವಷ್ಟು ಕಡಿಮೆ. ತಾಯಿಗಿಲ್ಲದಿದ್ದರೆ ಹಾಲಿನಲ್ಲೂ ಇರುವುದಿಲ್ಲ. ಬರೀ ಎದೆಹಾಲು ಕುಡಿಯುವ, ಹುಟ್ಟಿನಿಂದ ಹೃದಯ ಸರಿಯಾಗಿಯೇ ಇದ್ದ ಶಿಶುಗಳು ಇದ್ದಕ್ಕಿದ್ದಂತೆ ಹೃದಯ ಸೋತು ಬರುವುದನ್ನು, ಥಯಾಮಿನ್ ಕೊಟ್ಟ ಮೇಲೆ ಚೇತರಿಸಿಕೊಳ್ಳುವುದನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ವರದಿ ಮಾಡಿದ್ದಾರೆ. ನಿಮ್ಮ ಮಗಳ ತೊಂದರೆ ಅದಲ್ಲ, ಅವಳದ್ದು ಹುಟ್ಟಿನಿಂದ ಬಂದ ತೂತು. ಆದರೆ ಮೊದಲೇ ದಣಿದ ಹೃದಯಕ್ಕೆ ಇನ್ನೊಂದು ಕೊರತೆ ಯಾಕೆ? ಜೋಳದ ರೊಟ್ಟಿ, ಹೆಸರುಕಾಳು, ಬೇಳೆ, ಸೊಪ್ಪು, ಮೊಟ್ಟೆ, ಶೇಂಗಾ ಎಲ್ಲ ತಿನ್ನಿ. ಬಾಯಾರಿದಷ್ಟು ನೀರು ಕುಡಿಯಿರಿ. ನಿಮ್ಮ ವೈದ್ಯರನ್ನು ಬಿ ಕಾಂಪ್ಲೆಕ್ಸ್ ಬಗ್ಗೆಯೂ ಕೇಳಿ.

ಮಗುವಿನ ಎಣ್ಣೆ-ನೀರಿನ ವಿಷಯ. ನೀರು ಹಾಕುವ ಅಜ್ಜಿ ಕಾಲ ಮೇಲೆ ಮಲಗಿಸಿಕೊಂಡು ತಿಕ್ಕಿ, ಎಳೆದು, ಬಿಸಿನೀರು ಸುರಿದು, ಕೊನೆಗೆ ಸಾಂಬ್ರಾಣಿ ಹೊಗೆ ಹಿಡಿದರೆ, ಆ ಒಂದು ಸ್ನಾನಕ್ಕೆ ಒಂದು ಹೊತ್ತಿನ ಹಾಲು ಖರ್ಚು. ಸದ್ಯಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅದೂ ಹಾಲಿನ ಹೊತ್ತಿಗೆ ಮುಂಚೆ ಬೇಡ. ಹೊಗೆ ಪೂರ್ತಿ ಬಂದ್. ತಲೆಗೆ ಟೋಪಿ, ಕಾಲಿಗೆ ಸಾಕ್ಸ್ ಹಾಕಿ. ಚಳಿಯಾದರೆ ಮೈ ಬಿಸಿ ಕಾಯ್ದುಕೊಳ್ಳಲೂ ಕ್ಯಾಲೊರಿ ಬೇಕು. ಘುಟ್ಟಿ, ಬಜೆ, ಗ್ರೈಪ್ ವಾಟರ್, ಜೇನುತುಪ್ಪ ಯಾವುದೂ ಬೇಡ.

ಔಷಧಿಯನ್ನು ಹಾಲಿನ ಬಟ್ಟಲಿಗೆ ಬೆರೆಸಬೇಡಿ. ಪೂರ್ತಿ ಕುಡಿಯದಿದ್ದರೆ ಡೋಸ್ ಎಷ್ಟು ಹೋಯಿತು ಅಂತ ಗೊತ್ತಾಗುವುದಿಲ್ಲ. 1 ಎಂಎಲ್ ಸಿರಿಂಜಿನಲ್ಲಿ ಅಳೆದು ಹಾಲಿಗೆ ಮುಂಚೆ ಕೆನ್ನೆಯ ಒಳಭಾಗಕ್ಕೆ ಬಿಡಿ. ವಾಂತಿ ಮಾಡಿದರೆ ನೀವಾಗಿ ಮತ್ತೊಮ್ಮೆ ಕೊಡಬೇಡಿ, ಫೋನ್ ಮಾಡಿ ಕೇಳಿ. ಹೃದಯಕ್ಕೆ ಬಲ ಕೊಡುವ ಡಿಗಾಕ್ಸಿನ್ ಔಷಧಿ ಕೊಟ್ಟಿದ್ದರಂತೂ ಈ ಮಾತು ಕಡ್ಡಾಯ.

ತೂಕ ದಿನಾ ನೋಡಬೇಡಿ, ತಲೆ ಕೆಡುತ್ತದೆ. ವಾರಕ್ಕೆ ಎರಡು ಸಲ, ಒಂದೇ ಡಿಜಿಟಲ್ ತಕ್ಕಡಿ, ಬಟ್ಟೆ ಇಲ್ಲದೆ, ಹಾಲಿಗೆ ಮುಂಚೆ. ಇಲ್ಲಿ ಎರಡು ಮೋಸಗಳಿವೆ. ಫ್ಯೂರೊಸೆಮೈಡ್ ಶುರು ಮಾಡಿದಾಗ ಮೈಯಲ್ಲಿ ನಿಂತ ನೀರು ಹೋಗಿ ತೂಕ ಸ್ವಲ್ಪ ಇಳಿಯಬಹುದು, ಅದು ಸೊರಗಿದ್ದಲ್ಲ. ಉಲ್ಟಾ, ಒಂದೇ ದಿನದಲ್ಲಿ 100 ಗ್ರಾಂ ಏರಿ ಕಣ್ಣಿನ ರೆಪ್ಪೆ ಊದಿಕೊಂಡಿದ್ದರೆ ಖುಷಿಪಡಬೇಡಿ. ಅದು ನೀರು, ವೈದ್ಯರಿಗೆ ತಿಳಿಸಿ. ಇನ್ನೊಂದು: ದಿನಕ್ಕೆ ಆರು ಸಲ ಉಚ್ಚೆ ಹೊಯ್ದರೆ ಹಾಲು ಸಾಕಾಗಿದೆ ಅಂತ ಹೇಳುತ್ತಾರಲ್ಲ, ಈ ಔಷಧಿ ಕೊಡುವಾಗ ಆ ಲೆಕ್ಕ ನಡೆಯುವುದಿಲ್ಲ. ಔಷಧಿಯೇ ಉಚ್ಚೆ ಹೊಯ್ಯಿಸುತ್ತದೆ.

ಈಗ 5 ಕೆಜಿ ಮಾತು. ಹಿಂದೆ ಈ ಪದ್ಧತಿ ಇತ್ತು. ಈಗ ಅನುಭವಿ ಕೇಂದ್ರಗಳಲ್ಲಿ 3 ಕೆಜಿ ಮಕ್ಕಳಿಗೂ ವಿಎಸ್‌ಡಿ ಮುಚ್ಚುತ್ತಾರೆ. ದೊಡ್ಡ ತೂತಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ಆಪರೇಷನ್. ಔಷಧಿ, ಹಾಲು ಎಲ್ಲ ಸರಿಯಾಗಿ ಕೊಟ್ಟರೂ ತೂಕ ಏರದಿದ್ದರೆ ಅದಕ್ಕಿಂತ ಮುಂಚೆಯೇ. ತೂತು ಮುಚ್ಚಿದ ಮೇಲೆ ಬಹಳಷ್ಟು ಮಕ್ಕಳು ತಾವಾಗೇ ಚೆನ್ನಾಗಿ ಕುಡಿಯಲು ಶುರು ಮಾಡುತ್ತಾರೆ. ತೂಕಕ್ಕಾಗಿ ಕಾಯುತ್ತಾ ಕೂತರೆ ಮಗು ಪದೇಪದೇ ನ್ಯುಮೋನಿಯಾ ಆಗಿ ಇನ್ನಷ್ಟು ಸೊರಗುತ್ತದೆ, ಶ್ವಾಸಕೋಶದ ಒತ್ತಡವೂ ಏರುತ್ತದೆ. ನೀವು ಹತ್ತು ದಿನ ಈ ಕ್ರಮ ಪಾಲಿಸಿ. ಎಷ್ಟು ಹೊತ್ತಿಗೆ ಎಷ್ಟು ಎಂಎಲ್, ಎಷ್ಟು ನಿಮಿಷ, ತೂಕ ಎಷ್ಟು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಹೃದಯದ ವೈದ್ಯರ ಮುಂದಿಡಿ. ದಿನಕ್ಕೆ 15 ಗ್ರಾಂ ಕೂಡ ಏರಿಲ್ಲದಿದ್ದರೆ ನೇರವಾಗಿ ಕೇಳಿ: ಆಪರೇಷನ್ ಯಾವಾಗ? ದುಡ್ಡಿನ ಚಿಂತೆಯಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಯೋಜನೆಯವರನ್ನು ಕಾಣಿ. 2013ರಿಂದ ನಡೆಯುತ್ತಿರುವ ಈ ಕೇಂದ್ರ ಯೋಜನೆಯಲ್ಲಿ ಹುಟ್ಟಿನಿಂದ ಬಂದ ಹೃದಯದ ತೊಂದರೆಗಳೂ ಸೇರಿವೆ. ಬೆಂಗಳೂರು ವೈಟ್‌ಫೀಲ್ಡ್‌ನ ಶ್ರೀ ಸತ್ಯಸಾಯಿ ಆಸ್ಪತ್ರೆಯಲ್ಲೂ ಉಚಿತ ಚಿಕಿತ್ಸೆ ಇದೆ.

ಮೈ ನೀಲಿಯಾಗುವ ಹೃದಯದ ತೊಂದರೆ ಇರುವ ಮಕ್ಕಳ ತಾಯಂದಿರು ಇದನ್ನು ಓದುತ್ತಿದ್ದರೆ ಒಂದು ಮಾತು. ನಿಮ್ಮ ಮಗುವಿನ ರಕ್ತ ಗಟ್ಟಿ ಇರುತ್ತದೆ, ಹಾಗಾಗಿ ಹಾಲು ತಪ್ಪುವುದು, ವಾಂತಿ-ಭೇದಿ ಹೆಚ್ಚು ಅಪಾಯ. ಹಾಲಿನ ಪ್ರಮಾಣದ ಲೆಕ್ಕವೂ ಬೇರೆ. ಮೇಲಿನ ಅಂಕಿಗಳನ್ನು ಹಾಗೇ ಹಾಕಿಕೊಳ್ಳಬೇಡಿ.

ಕೊನೆಯದಾಗಿ, ಯಾವಾಗ ಕಾಯಬಾರದು ಅಂತ. ಮಗು ನಿದ್ದೆಯಲ್ಲಿರುವಾಗ ಹೊಟ್ಟೆ ಏರಿಳಿಯುವುದನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಅವಳ ಮಾಮೂಲಿ ಸಂಖ್ಯೆ ಎಷ್ಟು ಅಂತ ನೋಟ್‌ಬುಕ್ಕಿನಲ್ಲಿ ಇರಲಿ. 60 ದಾಟಿದರೆ ವೈದ್ಯರಿಗೆ ಅದೇ ದಿನ ತಿಳಿಸಿ. 70 ದಾಟಿದರೆ ಬಾಯಿಗೆ ಹಾಲು ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಒಂದರ ಹಿಂದೆ ಒಂದು ಎರಡು ಹೊತ್ತು ಅರ್ಧಕ್ಕಿಂತ ಕಡಿಮೆ ಕುಡಿದರೆ, ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ಹಸಿರು ವಾಂತಿಯಾದರೆ, ಕೈಕಾಲು ತಣ್ಣಗಾಗಿ ಬೆವರಿದರೆ, ನಾಲಿಗೆ ನೀಲಿಯಾದರೆ, ಎಬ್ಬಿಸಿದರೂ ಕಣ್ಣು ಬಿಡದಿದ್ದರೆ ರಾತ್ರಿಯಾದರೂ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ. ಎಕೋ ವರದಿ, ಔಷಧಿ ಬಾಟಲಿ, ಆ ನೋಟ್‌ಬುಕ್ ಒಂದೇ ಚೀಲದಲ್ಲಿ ಇಟ್ಟಿರಿ.